ಬಾಗಿಲಿಗೆ ಬಂದ ಟವೆಲುಗಳು

ವರ್ಷಗಟ್ಟಲೆ ಟವೆಲು ಒಗೆದ ಕೂಲಿ ಅಕ್ಕನಿಗೆ ಇನ್ನೂ ಬಾಕಿ ಇದೆ.

ಟವೆಲುಗಳು ತಂಗಿಯ ಕಡೆಯವು. ಮುಂದಿನ ಕೋಣೆಯಲ್ಲಿ ತಂಗಿ ಸೊಂಟ, ಬೆನ್ನು ಹಿಡಿದುಕೊಂಡವರನ್ನು ಟವೆಲಿನ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ ನೀವಿ ಸರಿಮಾಡುತ್ತಾಳೆ. ದರ ಹೇಳುವುದಿಲ್ಲ. ಬಾಗಿಲ ಬಳಿ ಒಂದು ಡಬ್ಬಿ. ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ. ಕೊಡುವ ಕೈ ನೋಡಬಾರದು ಎಂಬುದು ಅವಳ ನೇಮ. ನೋಡದಿದ್ದರೂ ಬರುತ್ತಿತ್ತು. ಗಾರೆಯವನು ಸೋರುವ ಮಾಡು ಮುಚ್ಚಿಕೊಟ್ಟ. ದರ್ಜಿ ರವಿಕೆ ಹೊಲಿದುಕೊಟ್ಟ, ತಂಗಿಯ ಅಳತೆಗೆ.

ಡಬ್ಬಿಯ ದುಡ್ಡು ಮನೆ ಖರ್ಚಿಗೆ. ಅಕ್ಕನ ಹೊಟ್ಟೆ ತುಂಬುತ್ತಿತ್ತು, ಉರಿಯುತ್ತಲೂ ಇತ್ತು. ಬಂದವರೆಲ್ಲ ಅವಳ ಮುಖಕ್ಕೇ ಕೇಳುತ್ತಿದ್ದರು, "ತಂಗಿ ಇದ್ದಾಳಾ?"

ಒಮ್ಮೆ ಬಡಗಿ, ಬೆನ್ನು ನೆಟ್ಟಗಾದ ಖುಷಿಗೆ, ಕುರ್ಚಿ ತಂದಿಟ್ಟ. ಯಾರೂ ಇಲ್ಲದಾಗ ಅಕ್ಕ ಕೂತು ನೋಡಿದಳು. ತಂಗಿಯ ಉದ್ದ ಕಾಲಿಗೆ ಮಾಡಿದ ಕುರ್ಚಿ. ಇವಳ ಪಾದ ನೆಲ ಮುಟ್ಟಲಿಲ್ಲ. ಅವತ್ತು ಕಲ್ಲಿಗೆ ಟವೆಲು ಬಡಿದ ಸದ್ದಿಗೆ ಪಕ್ಕದ ಮನೆ ನಾಯಿ ಎದ್ದು ಹೋಯಿತು.

'ನಾನೂ ಕೇಳಲ್ಲ, ಅವರೇ ಕೊಡಲಿ' ಎಂದುಕೊಂಡು ಒಗೆಯುವ ಕಲ್ಲಿನ ಪಕ್ಕ ತನ್ನದೂ ಒಂದು ಡಬ್ಬಿ ಇಟ್ಟಳು. ಕೆಲವು ದಿನ ಬಿಟ್ಟು ನೋಡಿದರೆ ಒಳಗೆ ಸಿಗರೇಟು ತುಂಡುಗಳು.

"ಯಾರೇ ಹಾಕಿದ್ದು ಇದನ್ನ?"

ತಂಗಿಗೆ ನಗು ತಡೆಯಲಾಗಲಿಲ್ಲ. "ಕಾಯೋರು ಹಿತ್ತಿಲಿಗೆ ಹೋಗಿ ಸೇದ್ತಾರಲ್ಲಕ್ಕ, ಬೂದಿ ಡಬ್ಬಿ ಅಂದ್ಕೊಂಡಿರಬೇಕು. ನಿನ್ನ ಕೆಲಸ ನನಗೆ ಗೊತ್ತಿಲ್ವಾ, ಬಿಡು."

"ನಿನಗೆ ಗೊತ್ತಿದ್ರೆ ಸಾಕಾ? ಕೊಡೋ ಕೈ ನೋಡಬೇಡ, ಸರಿ. ಒಗೆಯೋ ಕೈನೂ ನೋಡಬಾರದು ಅಂತ ಯಾರು ಹೇಳಿದ್ರು? ಊರಿಗೆ ಉಪಕಾರಿ, ಮನೆಗೆ ಮಾರಿ!"

"ಬಾಯಿಬಿಟ್ಟು ಕೇಳಿದ್ರೆ ಅದು ವ್ಯಾಪಾರ ಆಗುತ್ತಕ್ಕ."

"ಕೇಳದೆ ಇದ್ದಿದ್ದಕ್ಕೆ ನನಗೆ ಬೂದಿ ಬಂತು."

ಮರುದಿನ ಬೆಳಿಗ್ಗೆ ಒಣಹಾಕುವ ಹಗ್ಗ ಹಿತ್ತಿಲಿಂದ ಮುಂಬಾಗಿಲಿಗೆ ಬಂತು, ಅಡ್ಡಲಾಗಿ, ಎದೆಮಟ್ಟಕ್ಕೆ. ಮೇಲೆ ಸಾಲಾಗಿ ಒದ್ದೆ ಟವೆಲು. ಬರುವವರೆಲ್ಲ ಸೊಂಟ ಹಿಡಿದವರು. ಬಗ್ಗಿ ನುಸುಳುವ ಮಾತೇ ಇಲ್ಲ. ಮೊದಲು ಬಂದವರು ಮೇಷ್ಟ್ರು.

"ಸ್ವಲ್ಪ ಮೇಲೆತ್ತಮ್ಮ, ಬಗ್ಗೋಕಾಗಲ್ಲ."

"ಎತ್ತೋಣ ಮೇಷ್ಟ್ರೇ. ನೀವು ಮಲಗೋ ಟವೆಲು ಯಾರು ಒಗೀತಾರೆ, ಹೇಳಿ ನೋಡೋಣ?"

"ನಿನ್ನ ತಂಗಿ ಅಲ್ವಾ?"

ಅಕ್ಕ ಹಗ್ಗವನ್ನು ಇನ್ನೊಂದು ಗೇಣು ಇಳಿಸಿ ಕಟ್ಟಿದಳು. ಒಳಗಿಂದ ತಂಗಿ ನೋಡಿದಳು, ಬಿಚ್ಚಲಿಲ್ಲ.

ಹಗ್ಗ ಈಗಲೂ ಅಲ್ಲೇ ಇದೆ. ನಿಮ್ಮ ಸೊಂಟವೂ ಒಂದು ದಿನ ಹಿಡಿಯುತ್ತದೆ, ಆ ಬಾಗಿಲಿಗೆ ನೀವೂ ಬರುತ್ತೀರಿ. ತಂಗಿಗೆ ಕೊಡುವುದು ಬಿಡುವುದು ನಿಮ್ಮಿಷ್ಟ. ಅಕ್ಕನ ಕೂಲಿ ನಿಮ್ಮಿಷ್ಟದ ಮಾತಲ್ಲ. ದುಡ್ಡು ತೆಗೆಯಿರಿ, ಆ ಒದ್ದೆ ಕೈಗೆ ಇಡಿ, ಆಮೇಲೆ ಒಳಗೆ ಹೋಗಿ.