ಕಲ್ಲಪ್ಪನವರು ಅದಾರೇನ್ರಿ?

ನಿಪ್ಪಾಣಿಯಲ್ಲಿ ನಾನು ದನಗಳ ಹಿಂಡಿ ತಯಾರಿಸಿ ಮಾರುತ್ತೇನೆ. ಓದು, ಲೆಕ್ಕ, ಈಗ ಈ ಸಾಫ್ಟ್‌ವೇರ್, ಎಲ್ಲವನ್ನೂ ನಾನೇ ಕಲಿತೆ. ತಾಲೂಕು ಆರಿಸಿ, ಎಮ್ಮೆ ಎಷ್ಟಿರಬೇಕೆಂದು ಹೇಳಿದರೆ ಅದು ಹೈನುಗಾರರ ಹೆಸರು, ಫೋನ್ ನಂಬರು ತೆರೆದಿಡುತ್ತದೆ. ಆದರೂ ಒಂದೊಂದು ನಂಬರಿಗೂ ನಾನೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ನನ್ನ ಪಟ್ಟಿಯಲ್ಲಿ ತಪ್ಪು ಹೆಸರು ಉಳಿಯಕೂಡದು ಎಂಬ ಹಟ ನನ್ನದು.

ಸದಲಗಾದ ಒಂದು ನಂಬರಿಗೆ ಫೋನ್ ಮಾಡಿದಾಗ ಹೆಣ್ಣುಮಗಳೊಬ್ಬಳು ಎತ್ತಿದಳು.

“ಕಲ್ಲಪ್ಪನವರು ಅದಾರೇನ್ರಿ?”

“ಅವರು ತೀರಿಕೊಂಡಾರರಿ. ನಾ ಅವರ ಮನಿಯಾಕಿ.”

“ಈಗ ಹಿಂಡಿ ಯಾರು ತರತಾರ್ರಿ?”

“ನಾನ ರೀ. ಎಮ್ಮಿ ಎಲ್ಲಾ ನಾನ ನೋಡತೀನಿ.”

“ಹಂಗಾದ್ರ ನಿಮ್ಮ ಹೆಸರು ಹೇಳ್ರಿ ಅಕ್ಕಾ. ಅವರದು ತಗದು ನಿಮ್ಮದು ಹಾಕತೀನಿ.”

“ತಗೀಬ್ಯಾಡ್ರಿ!” ಎಂದಳು ಗಾಬರಿಯಿಂದ. “ಗಂಡನ ಹೆಸರು ನಾ ಬಾಯಿಲೆ ಅನ್ನಂಗಿಲ್ಲ. ಮಕ್ಕಳು ಅಪ್ಪಾ ಅಂತಾವ. ಹಿಂಗ ಯಾರರ ಫೋನ್ ಮಾಡಿದಾಗಷ್ಟ ಆ ಹೆಸರು ಕಿವೀಗಿ ಬೀಳತೈತಿ.”

“ತಪ್ಪು ಹೆಸರು ಇಟಗೊಂಡು ನಾ ಏನ್ ಮಾಡ್ಲಿ ಅಕ್ಕಾ?”

“ತಪ್ಪು ನಿಮಗರಿ. ನನಗಲ್ಲ.”

ವಾದದಲ್ಲಿ ಸೋಲುವವಳಲ್ಲ ನಾನು. ಅಂದು ಮಾತ್ರ ಹೆಸರನ್ನು ಇದ್ದ ಹಾಗೆಯೇ ಬಿಟ್ಟೆ.

ಈಗಲೂ ಫೋನ್ ಮಾಡಿದಾಗ ಮೊದಲು ಕಲ್ಲಪ್ಪನವರನ್ನೇ ಕೇಳುತ್ತೇನೆ. “ಇಲ್ಲರಿ” ಎನ್ನುತ್ತಾಳೆ, ಆಮೇಲೆ ಎಷ್ಟು ಚೀಲ ಕಳಿಸಬೇಕೆಂದು ಹೇಳುತ್ತಾಳೆ. ಆರ್ಡರುಗಳೆಲ್ಲ ಅದೇ ಹೆಸರಿಗೆ ದಾಖಲಾಗುವುದರಿಂದ, ಸಾಫ್ಟ್‌ವೇರಿನ ಪ್ರಕಾರ ಕಲ್ಲಪ್ಪನವರು ನನ್ನ ಅತ್ಯಂತ ಚುರುಕಿನ ಗಿರಾಕಿ.