ಒಂದು ಕದ ಒಣಗಿತು, ಇನ್ನೊಂದು ಒಣಗಲಿಲ್ಲ

ಕೊಪ್ಪ ಪೇಟೆಯಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಗೆ ರಸ್ತೆಯ ಕಡೆ ಒಂದೇ ಕಿಟಕಿ. ಅದಕ್ಕೆ ಹೊರಕ್ಕೆ ತೆರೆಯುವ ಎರಡು ಮರದ ಕದ. ಆ ಕೋಣೆಯಲ್ಲಿ ಅಕ್ಕ ಹೊಲಿಗೆ ಅಂಗಡಿ ಹಾಕುವುದೆಂದಾದಾಗ ಮೊದಲು ಜಗಳಕ್ಕೆ ಬಂದದ್ದು ಈ ಕದಗಳ ಬಣ್ಣ. ಅಕ್ಕನಿಗೆ ಬೋರ್ಡು ಬೇಡ. ಹೊಲಿದ ರವಿಕೆಗಳನ್ನು ತೆರೆದ ಕದಕ್ಕೇ ನೇತುಹಾಕಿದರೆ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ, ಹಿಂದೆ ಮರದ ಗೆರೆ ಕಾಣುವ ಪಾಲಿಶ್ ಇರಲಿ ಎಂದಳು. ಅಮ್ಮನಿಗೆ ಹಸಿರು ಪೇಂಟೇ ಆಗಬೇಕು.

“ಮರ ಮರದ ಹಾಂಗೇ ಕಂಡ್ರೆ ಎಂತ ಚಂದ? ಬಣ್ಣ ಹೊಡಿಸ್ಲಿಕ್ಕೆ ಗತಿ ಇಲ್ಲ ಅಂತಾರೆ ಜನ.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಅಕ್ಕನ ಪರ ವಾದಿಸಿದೆ. ಅಮ್ಮನ ವಾದದಲ್ಲಿ ತರ್ಕವೇ ಇರಲಿಲ್ಲ. ಆದರೆ ನಮ್ಮಲ್ಲಿ ತೀರ್ಪು ಹೊರಬೀಳುವುದು ಅಡುಗೆಮನೆಯಿಂದ. ಹಸಿರೇ ಗೆದ್ದಿತು.

ಬಲಗಡೆಯ ಕದದ ಬುಡ ಮಳೆಯ ಎರಚಲಿಗೆ ಲಡ್ಡಾಗಿ ಪುಡಿ ಉದುರುತ್ತಿತ್ತು. ಅದರ ಬದಲಿಗೆ ನರಸಿಂಹರಾಜಪುರದಲ್ಲಿ ಹಲಸಿನ ಮರದ್ದೇ ಹೊಸದೊಂದನ್ನು ಮಾಡಿಸಿದೆವು. ಎಡಗಡೆಯದು ಅಜ್ಜನ ಕಾಲದ್ದು, ಗಟ್ಟಿಯಾಗಿಯೇ ಇತ್ತು. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಹರಿಹರಪುರದ ಪೇಂಟರ್ ಒಂದೇ ಬೆಳಿಗ್ಗೆ ಎರಡಕ್ಕೂ ಬಣ್ಣ ಹೊಡೆದು ಹೋದರು.

ವಾರ ಕಳೆಯಿತು. ಹೊಸ ಕದ ಒಣಗಿ ಮಿಂಚುತ್ತಿತ್ತು. ಹಳೆಯದನ್ನು ಮುಟ್ಟಿದರೆ ಬೆರಳಿಗೆ ಹಸಿರು. ಅಕ್ಕ ಅದನ್ನು ಗಮನಿಸದೆ ಶೃಂಗೇರಿಯ ಮದುವೆಯೊಂದರ ರೇಷ್ಮೆ ರವಿಕೆಯನ್ನು ಆ ಕದಕ್ಕೆ ನೇತುಹಾಕಿದ್ದಳು. ತೋಳಿಗೆ ಕಲೆಯಾಯಿತು. ಉಳಿದಿದ್ದ ಬಟ್ಟೆಯಲ್ಲಿ ಬೇರೆ ತೋಳು ಕತ್ತರಿಸಿ ಕೂರಿಸಿದಳು. ಮದುವೆಯ ಬಟ್ಟೆಗಳು ಬರುವ ಕಾಲ ಅದು. ಇನ್ನೊಂದು ಸಲ ಹೀಗಾದರೆ ಊರಲ್ಲಿ ಯಾರೂ ಬಟ್ಟೆ ಕೊಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಎಡಗಡೆಯ ಕದವನ್ನು ಮುಚ್ಚಿಯೇ ಇಟ್ಟು, ಅರೆಬೆಳಕಿನಲ್ಲಿ ಹೊಲಿಯತೊಡಗಿದಳು.

ಕಾರಣಗಳಿಗೇನೂ ಬರವಿರಲಿಲ್ಲ. ಪಕ್ಕದ ಮನೆಯವರು ಕಣ್ಣು ಬಿದ್ದಿದೆ ಎಂದರು. ಪೇಂಟರ್ ಫೋನಿನಲ್ಲಿ ತಪ್ಪನ್ನು ಥಂಡಿ ಹವೆಯ ಮೇಲೆ ಹಾಕಿದರು. ಅಮ್ಮನ ಪ್ರಕಾರ ಬಣ್ಣ ಹೊಡೆದದ್ದು ಅಮಾವಾಸ್ಯೆಯ ದಿನ, ಅದೇ ದೋಷ.

“ಅಮಾವಾಸ್ಯೆ ಎಡಗಡೆ ಕದಕ್ಕೆ ಮಾತ್ರ ಬಂದಿತ್ತಾ?” ಎಂದೆ.

“ನಿನ್ನ ಹತ್ರ ಮಾತಾಡೂದು ಒಂದೇ, ಆ ಕದದ ಹತ್ರ ಮಾತಾಡೂದು ಒಂದೇ, ಮಾರಾಯ.”

ಡಬ್ಬಿ ಒಂದೇ, ಬ್ರಷ್ ಒಂದೇ, ಬಿಸಿಲು ಒಂದೇ. ಹಾಗಾದರೆ ವ್ಯತ್ಯಾಸ ಇರುವುದು ಮರದಲ್ಲಿ. ಮೊದಲು ಆ ಕದಕ್ಕೆ ಏನು ಹಚ್ಚುತ್ತಿದ್ದರು ಎಂದು ಅಮ್ಮನನ್ನು ಕೇಳಿದೆ.

“ಎಂತ ಹಚ್ತಾರೆ? ಎಲ್ಲರ ಮನೇಲಿ ಹಚ್ಚಿದ್ದೇ. ಮಳೆಗಾಲ ಮುಗಿದ ಕೂಡ್ಲೆ ನಿನ್ನಜ್ಜ ವರ್ಷಾ ವರ್ಷಾ ಗೇರೆಣ್ಣೆ ಉಜ್ಜೋರು, ಗೆದ್ದಲು ಹಿಡಿಬಾರ್ದು ಅಂತ.”

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆ ವರ್ಷಗಟ್ಟಲೆ ಮರದೊಳಗೆ ಇಳಿದಿತ್ತು. ಅದೇ ಈಗ ಮೇಲಕ್ಕೆ ಜಿನುಗಿ ಪೇಂಟನ್ನು ಒಣಗಲು ಬಿಡುತ್ತಿಲ್ಲ ಎನಿಸಿತು. ಆದರೂ ಊಹೆಯನ್ನು ಹಾಗೇ ಒಪ್ಪುವುದು ಹೇಗೆ? ಅಟ್ಟದಲ್ಲಿದ್ದ ಗೇರೆಣ್ಣೆ ಕುಡಿದ ಹಲಗೆಯೊಂದಕ್ಕೂ, ಹೊಸ ಕದದ ಕೆಲಸದಲ್ಲಿ ಉಳಿದ ಹಲಸಿನ ತುಂಡಿಗೂ ಅದೇ ಪೇಂಟ್ ಹಚ್ಚಿ ಅಂಗಳದಲ್ಲಿಟ್ಟೆ. ತುಂಡು ಒಣಗಿತು. ಹಲಗೆ ಅಂಟುತ್ತಲೇ ಇತ್ತು. ಎರಡನ್ನೂ ಅಕ್ಕನ ಮುಂದೆ ಹಿಡಿದು ವಿವರಿಸಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು.

“ಆಯ್ತು, ನೀನು ಗೆದ್ದೆ. ಈಗ ಕದ ಒಣಗಿತಾ?”

ಪೇಂಟರನ್ನು ಮತ್ತೆ ಕರೆಸಿದೆವು. ಪೂರ್ತಿ ಕೆರೆದು, ಅರಗಿನ ಪಾಲಿಶ್ ಕೊಟ್ಟು ಎಣ್ಣೆಯನ್ನು ಒಳಗೇ ಕಟ್ಟಿಹಾಕಿದರೆ ಮೇಲಿನದ್ದು ಒಣಗೀತು ಎಂದರು. ಮೊದಲು ಮೂಲೆಯಲ್ಲಿ ಅಂಗೈಯಗಲ ಮಾಡಿ ತೋರಿಸಿ ಎಂದೆ.

“ಎಂತದು, ಕದಕ್ಕೂ ರಕ್ತ ಪರೀಕ್ಷೆಯಾ?” ಎಂದು ನಕ್ಕರು. ಆದರೂ ಮಾಡಿದರು. ಮೂಲೆ ಒಣಗಿತು.

ಆಮೇಲೆ ಅಕ್ಕ ಹೊಲಿಗೆ ನಿಲ್ಲಿಸಿ, ಪೇಂಟರ್ ಜೊತೆ ತಾನೂ ಉಪ್ಪುಕಾಗದ ಹಿಡಿದಳು. ನಾನೂ ಕೂತೆ. ಹಸಿರು ಹೋದಂತೆ ಅಡಿಯಿಂದ ಜೇನಿನ ಬಣ್ಣದ, ಕಪ್ಪು ಗೆರೆಗಳ ಮರ ಹೊರಬಂತು. ಥಿನ್ನರ್‌ನಿಂದ ಒರೆಸಿ, ಅರಗು ಕೊಟ್ಟಾದ ಮೇಲೆ ಪೇಂಟರ್ ಹಸಿರು ಡಬ್ಬಿಗೆ ಕೈ ಹಾಕಿದರು.

“ಅದು ಬೇಡ. ಇದ್ರ ಮೇಲೆ ವಾರ್ನಿಷ್ ಮಾತ್ರ ಎಳೀರಿ,” ಎಂದಳು ಅಕ್ಕ.

“ಒಂದು ಹಸಿರು, ಒಂದು ಕಂದು. ನೋಡಿದೋರು ಎಂತ ಹೇಳ್ತಾರೆ?” ಅಮ್ಮ ಒಳಗಿನಿಂದಲೇ ಕೇಳಿದಳು.

“ಬಟ್ಟೆ ಕೊಡೋರು ರವಿಕೆ ನೋಡ್ತಾರಮ್ಮ.”

ಪೇಂಟರ್ ಹಸಿರು ಡಬ್ಬಿಯನ್ನು ಬದಿಗಿಟ್ಟು ವಾರ್ನಿಷ್ ಡಬ್ಬಿಯ ಮುಚ್ಚಳ ಎತ್ತಿದರು.

ವಾರ್ನಿಷ್ ಆರಿದ ಮೇಲೆ ಅಕ್ಕ ಬಿಳಿ ಲೈನಿಂಗ್ ಬಟ್ಟೆಯ ತುಂಡೊಂದನ್ನು ಕದದ ಮೇಲೆ ಒತ್ತಿ ಉಜ್ಜಿದಳು. ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. ಇನ್ನೊಂದು ದಿನ ಕಾಯುವುದು ಒಳ್ಳೆಯದು ಎಂದೆ. ಅವಳು ಕಾಯಲಿಲ್ಲ. ಎರಡೂ ಕದ ತೆರೆದು, ಎಡಗಡೆಯದಕ್ಕೆ ಮಾವಿನ ಚಿಗುರಿನ ಬಣ್ಣದ ರೇಷ್ಮೆ ರವಿಕೆ ಹಾಕಿ, ಬೆಳಕಿಗೆ ಬೆನ್ನು ಕೊಟ್ಟು ಮೆಷೀನಿನ ಮುಂದೆ ಕೂತಳು.

ಮಧ್ಯಾಹ್ನ ಶೃಂಗೇರಿ ಬಸ್ಸಿನಿಂದ ಇಳಿದ ಹೆಂಗಸೊಬ್ಬರು ಕಿಟಕಿಯ ಹತ್ತಿರ ನಿಂತು, ರವಿಕೆಯ ಅಂಚು ಮಗುಚಿ ಹೊಲಿಗೆ ನೋಡಿದರು. ಆಮೇಲೆ ಕೈಚೀಲದಿಂದ ಬಟ್ಟೆ ತೆಗೆಯುತ್ತ, “ಮುಂದಿನ ವಾರಕ್ಕೆ ಆಗ್ತದಾ?” ಎಂದು ಕೇಳಿದರು.