ವಾರದ ದಿನ ತಿರುಗಿದ ಗಾಲಿ

ಭಾಗ್ಯನಗರದ ಓಣಿಗೆ ಇನ್ನೂ ನಲ್ಲಿ ನೀರು ಬಂದಿರಲಿಲ್ಲ. ಹೇಮಾವತಿ ಮನೆ ಮುಂದೆ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒಂದರಲ್ಲಿ ಗಾಳಿ ಕಡಿಮೆಯಿತ್ತು. ಪಂಪು ಒತ್ತುತ್ತಲೇ ಒಳಗಿದ್ದ ಗಂಡ ಹನುಮೇಶನನ್ನು ಕೇಳಿದರು: "ಇವತ್ತ ಮಂಗಳವಾರ. ಕರಿಕಲ್ಲಹಾಳದಾಗ ವಾರ ಮುಗದಾವಲ್ಲ?"

"ಹೋದ ಮಂಗಳವಾರಕ್ಕ ಐದು ಆದುವು ಅಂತ ನೀನ ಹೇಳಿದ್ದಿ."

ಹೇಮಾವತಿ ಬೆರಳು ಮಡಚಿ ಇನ್ನೊಮ್ಮೆ ಎಣಿಸಿದರು. ಐದೇ ಬಂತು. ಪಂಪು ಒಳಗಿಟ್ಟರು.

ಮುಂಗಾರು ಬಿತ್ತನೆ ಮುಗಿದ ಮೇಲೆ ಕರಿಕಲ್ಲಹಾಳದವರು ದ್ಯಾಮವ್ವನ ಹೆಸರಿನಲ್ಲಿ ಐದು ಮಂಗಳವಾರ ವಾರ ಹಿಡಿಯುತ್ತಾರೆ. ಅಂದು ಎತ್ತಿನ ಕೊರಳಿಗೆ ನೊಗ ಏರುವುದಿಲ್ಲ, ಹಿಟ್ಟಿನ ಗಿರಣಿ ಸದ್ದು ಮಾಡುವುದಿಲ್ಲ. ಊರೊಳಗೆ ಯಾವ ಗಾಲಿಯೂ ತಿರುಗಬಾರದು. ಬಂಡಿಯಾಗಲಿ, ಟ್ರ್ಯಾಕ್ಟರಾಗಲಿ, ಸೈಕಲ್ಲಾಗಲಿ, ಎಲ್ಲಕ್ಕೂ ಒಂದೇ ಕಟ್ಟು. ತಪ್ಪಿದರೆ ಮಳೆ ಕೈಕೊಡುತ್ತದೆ, ದನಗಳಿಗೆ ಬೇನೆ ಬರುತ್ತದೆ ಎಂದು ಊರು ನಂಬಿದೆ.

ಹೇಮಾವತಿಯ ದುಡಿಮೆ ನಿಂತಿರುವುದು ಈ ಊರಿನೊಳಗಿಂದ ಹೋಗುವ ದಾರಿಯ ಮೇಲೆ. ಭಾಗ್ಯನಗರದ ಕೂದಲಿನ ಕಾರ್ಖಾನೆಯಲ್ಲಿ ಸಿಕ್ಕು ಕೂದಲು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದವರು ಅವರು. ದಿನವಿಡೀ ತಲೆ ಬಗ್ಗಿಸಿ ಕೂತು ಕುತ್ತಿಗೆ ಹಿಡಿದುಕೊಂಡಾಗ ಅದನ್ನು ಬಿಟ್ಟರು. ಗಂಡನ ಪಂಕ್ಚರ್ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿಸಿ, ಹಳೆಯ ಊರು, ಗುಡಿ ನೋಡಲು ಬಂದವರನ್ನು ಇಟಗಿಯ ಗುಡಿಯವರೆಗೆ ಒಳದಾರಿಗಳಲ್ಲಿ ನಿಧಾನವಾಗಿ ಕರೆದೊಯ್ಯತೊಡಗಿದರು. ವೀರಗಲ್ಲು, ಮೆಟ್ಟಿಲಬಾವಿ, ಮುರಿದ ಗುಡಿ ಕಂಡಲ್ಲೆಲ್ಲ ಇಳಿದು ಕೂರಬಹುದು. ಅವಸರವಿಲ್ಲ. ಕರಿಕಲ್ಲಹಾಳ ತಪ್ಪಿದರೆ ಉಳಿಯುವುದು ಲಾರಿಗಳ ಹೆದ್ದಾರಿ. ಅಲ್ಲಿ ಹೊಸಬರನ್ನು ಸೈಕಲ್ ಹತ್ತಿಸಿ ಕರೆದೊಯ್ಯಲು ಆಗುವುದಿಲ್ಲ.

ಎರಡು ವರ್ಷದ ಹಿಂದೆ ಹೊರಗಿನ ಹುಡುಗರು ಗುಡಿಕಟ್ಟೆಯ ಮೇಲೆ ಬೈಕ್ ಹತ್ತಿಸಿದಾಗ ಊರು ಪ್ರವಾಸಿಗಳಿಗೆಲ್ಲ ದಾರಿ ಮುಚ್ಚಿತ್ತು. ಹೇಮಾವತಿ ಒಬ್ಬರಿಗೆ ಮಾತ್ರ ಬಿಟ್ಟಿತ್ತು. ಊರ ಕಟ್ಟು ಮೀರುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದರು.

ಅವರು ಸಾಮಾನ್ಯವಾಗಿ ಶನಿವಾರ, ಭಾನುವಾರ ಹೊರಡುತ್ತಾರೆ. ಈ ಮಂಗಳವಾರ ಸರ್ಕಾರಿ ರಜೆ ಬಂದಿದ್ದರಿಂದ ಗಂಗಾವತಿಯ ಬ್ಯಾಂಕ್ ಅಧಿಕಾರಿ ನೇತ್ರಾವತಿ ನಾಲ್ವರು ಸಹೋದ್ಯೋಗಿಗಳೊಂದಿಗೆ ಬಂದಿದ್ದರು. ಊಟ ಇಟಗಿಯಲ್ಲಿ ಎಂದು ನಿಗದಿಯಾಗಿತ್ತು. ಹಾಗಾಗಿ ಕರಿಕಲ್ಲಹಾಳದಲ್ಲಿ ಪ್ರತಿ ಸಲ ರೊಟ್ಟಿ ಮಾಡಿಕೊಡುವ ಸಣ್ಣವ್ವನಿಗೆ ಹೇಮಾವತಿ ಫೋನ್ ಮಾಡಿರಲಿಲ್ಲ.

ದಾರಿ ತಂಪಾಗಿತ್ತು. ಮೆಕ್ಕೆಜೋಳ ಮೊಣಕಾಲೆತ್ತರ ಬೆಳೆದಿತ್ತು. ಅಭ್ಯಾಸವಿದ್ದ ನೇತ್ರಾವತಿ ಮುಂದೆ ಹೋದರು. ಹಿಂದಿದ್ದ ಒಬ್ಬರ ಚೈನ್ ಕಳಚಿದ್ದರಿಂದ ಹೇಮಾವತಿ ನಿಂತರು. ಚೈನ್ ಹಾಕಿ ತಲೆ ಎತ್ತಿದಾಗ ನೇತ್ರಾವತಿ ಕಾಣಲಿಲ್ಲ.

ಕರಿಕಲ್ಲಹಾಳದ ಅಗಸಿಯ ಬಳಿ ಬರುತ್ತಲೇ ಹೇಮಾವತಿಯ ಕಾಲು ಪೆಡಲ್ ಮೇಲೆ ನಿಂತಿತು. ಊರಬಾಗಿಲಿನ ಎರಡೂ ಕಂಬಗಳ ತುದಿಗೆ ಹಗ್ಗ ಕಟ್ಟಿ, ವಾರದ ಗುರುತಾಗಿ ಬೇವಿನ ಸೊಪ್ಪು ಇಳಿಬಿಟ್ಟಿದ್ದರು. ಸೊಪ್ಪು ಹಸಿರಾಗಿತ್ತು, ಅಂದೇ ಕಟ್ಟಿದ್ದು. ಗಿರಣಿಯ ಸದ್ದಿಲ್ಲ.

"ಎಲ್ಲಾರೂ ಇಳೀರಿ. ಇಲ್ಲೇ ನಿಂದರ್ರಿ. ಸೈಕಲ್ ಒಂದು ಹೆಜ್ಜಿನೂ ಮುಂದ ತರಬ್ಯಾಡ್ರಿ," ಎಂದು ಹೇಳಿ ಒಳಗೆ ಓಡಿದರು.

ನೇತ್ರಾವತಿ ಗುಡಿಯ ಮುಂದೆ ವೀರಗಲ್ಲಿನ ಫೋಟೊ ತೆಗೆಯುತ್ತ ನಿಂತಿದ್ದರು. ಸೈಕಲ್ ಕಟ್ಟೆಗೆ ಒರಗಿತ್ತು. ಅದರ ಸುತ್ತ ಆಗಲೇ ಹತ್ತಾರು ಜನ. ಊರ ಹಿರಿಯ ಹುಚ್ಚೀರಪ್ಪ ಕಟ್ಟೆಯ ಮೇಲೆ ಕೂತಿದ್ದರು.

"ಬಾರವ್ವಾ, ಬಾ. ನಿನಗಿಂತ ಮೊದಲ ನಿನ್ನ ಗಾಲಿ ಬಂದು ಕುಂತೈತಿ."

"ಕಾಕಾ, ಐದು ಮುಗದಾವ ಅಂತ ನಾ…"

"ಯಾವ ಐದು? ಮುದುಕಮ್ಮ ಸತ್ತ ಮಂಗಳವಾರ ಹಿಡದಿಯೇನು? ಹೆಣ ಬಿದ್ದ ದಿನ ವಾರ ಆಗೂದಿಲ್ಲ. ಮಣ್ಣಿಗೆ ನೀನೂ ಬಂದಿದ್ದೆಲ್ಲ?"

ಬಂದಿದ್ದರು. ಆ ಅಜ್ಜಿಯ ಹೆಣದ ಮುಂದೆ ಹೆಂಗಸರ ನಡುವೆ ಕೂತು ಅತ್ತಿದ್ದರು. ಆ ಮಂಗಳವಾರವನ್ನೂ ಬೆರಳಿನಲ್ಲಿ ಮಡಚಿಕೊಂಡಿದ್ದರು. ಸಾವಿನ ದಿನ ಲೆಕ್ಕಕ್ಕಿಲ್ಲ ಎನ್ನುವುದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು, ಯಾರೂ ಯಾರಿಗೂ ಹೇಳುವ ಸಂಗತಿಯಲ್ಲ. ಐದನೆಯ ವಾರ ಇವತ್ತು.

ಹಾಲೇಶ ಎಂಬ ರೈತ ಮುಂದೆ ಬಂದ. "ವಾರ ಮುರದ್ರ ಮತ್ತ ಒಂದರಿಂದ ಹಿಡೀಬೇಕು. ಪಾಳಿ ಮ್ಯಾಲ ನನಗ ಎತ್ತು ಸಿಗೂದ ಮಂಗಳವಾರ. ಇನ್ನ ಐದು ಮಂಗಳವಾರ ಎತ್ತು ಕಟ್ಟಿ ಕುಂದ್ರೂದಾದ್ರ ಎಡಿ ಯಾವಾಗ ಹೊಡೀಲಿ? ಹೊಲದಾಗಿನ ಕಳೆನೂ ವಾರ ಹಿಡಿತೈತೇನು? ಈ ಸೈಕಲ್ಲಿನ ಉಸಾಬರಿನ ಬ್ಯಾಡ. ದಾರಿ ಬಂದ್ ಮಾಡ್ರಿ."

ಹುಚ್ಚೀರಪ್ಪ ಕೈ ಎತ್ತಿ ತಡೆದರು. ನೇತ್ರಾವತಿಯನ್ನು ನೋಡದೆ ಹೇಮಾವತಿಯನ್ನೇ ನೋಡುತ್ತ ಕೇಳಿದರು: "ಆಕಿ ಏರಿ ಬಂದಾಳೋ, ಹೊತಗೊಂಡು ಬಂದಾಳೋ? ನಾವ್ಯಾರೂ ನೋಡಿಲ್ಲ."

ಹೊತ್ತು ತಂದಿದ್ದರೆ ಗಾಲಿ ತಿರುಗಿಲ್ಲ, ವಾರ ಮುರಿದಿಲ್ಲ. ಅಗಸಿಯಿಂದ ಗುಡಿಯವರೆಗೆ ಸಿಮೆಂಟ್ ರಸ್ತೆ, ಟೈರಿನ ಗುರುತೂ ಇಲ್ಲ.

ನೇತ್ರಾವತಿ ಹತ್ತಿರ ಸರಿದು ಪಿಸುಗುಟ್ಟಿದರು. "ಹೊತ್ತೆ ಅಂತ ಹೇಳ್ತೀನಿ ಹೇಮಾ. ಆ ಸೊಪ್ಪು ನಮಗ ಸ್ವಾಗತಕ್ಕ ಕಟ್ಟ್ಯಾರ ಅನಕೊಂಡೆ. ನನ್ನಿಂದ ನಿಮ್ಮ ಕೆಲಸ ಹೋಗೂದು ಬ್ಯಾಡ."

ಹೇಮಾವತಿ ಸೈಕಲ್ಲಿನ ಕಡೆ ನೋಡಿದರು. ಹಾಲೇಶ ಹೆಗಲ ಮೇಲಿನ ಟವೆಲ್ ತೆಗೆದು ಬೆವರು ಒರೆಸಿಕೊಂಡ.

"ಏರಿ ಬಂದಾರ್ರಿ ಕಾಕಾ," ಎಂದರು ಹೇಮಾವತಿ. "ಗಾಲಿ ತಿರುಗೈತಿ. ಅವರಿಗೆ ಗೊತ್ತಿಲ್ಲ, ತಪ್ಪು ನಂದು. ನಾಳಿ ಯಾರದರೆ ದನ ಬಿದ್ರ ನಾ ಯಾವ ಮುಖ ಹೊತ್ತು ಈ ಊರಾಗ ಬರ್ಲಿ?"

ಗದ್ದಲ ಎದ್ದಿತು. "ನೋಡ್ರಿ, ಬಾಯಿಬಿಟ್ಟು ಹೇಳ್ಯಾಳ!" ಎಂದ ಹಾಲೇಶ. "ಇನ್ನೇನು ಕೇಳೂದೈತಿ?"

ಗುಡಿಯ ಮೆಟ್ಟಿಲಲ್ಲಿ ಕೂತಿದ್ದ ಸಣ್ಣವ್ವ ಎದ್ದು ಬಂದರು. ದ್ಯಾಮವ್ವನಿಗೆ ಉಡಿ ತುಂಬುವ ಮನೆತನದವರು, ಅವರ ಮಾತಿಗೆ ಊರಿನಲ್ಲಿ ತೂಕವಿದೆ. "ಏ ಹಾಲೇಶಾ, ವದರಬ್ಯಾಡ. ಹೆಣ ಬಿದ್ದಾಗ ಏನ ಮಾಡಿದಿವಿ? ಅದೊಂದ ವಾರ ಬಿಟ್ಟಿವಿ. ಮೊದಲಿಂದ ಹಿಡದಿವೇನು? ಊರಿನ ಗಾಲಿ ತಿರುಗಿದ್ರ ಮತ್ತ ಐದು ಹಿಡೀಬೇಕು. ಇದು ಪರಊರಿಂದು. ಇವತ್ತಿಂದು ಹೋತು ಅಂತ ತಿಳಕೊಳ್ರಿ."

"ನೀ ಆಕಿ ಕಡಿ ಮಾತಾಡ್ತಿ. ಆಕಿ ಬಂದ್ರ ನಿನ್ನ ರೊಟ್ಟಿ ಖರ್ಚಾಗ್ತಾವ."

"ಹೌದಪಾ, ಆಗ್ತಾವ. ಮುಂದಿನ ಮಂಗಳವಾರದ ತನಕ ಅದೂ ಬಂದ್. ಆತಿಲ್ಲೋ?"

ಯಾರೋ ನಕ್ಕರು. ಹಾಲೇಶ ನಗಲಿಲ್ಲ. ಹುಚ್ಚೀರಪ್ಪ ತಮ್ಮ ಪಕ್ಕದ ಇಬ್ಬರು ಹಿರಿಯರ ಜೊತೆ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಹೇಮಾವತಿ ಕಟ್ಟೆಯ ಕೆಳಗೆ ನಿಂತೇ ಇದ್ದರು. ಕುಂದ್ರು ಎಂದು ಯಾರೂ ಅನ್ನಲಿಲ್ಲ.

"ಮುಂದಿನ ಮಂಗಳವಾರ ಐದನೇದ್ದು ಹಿಡಿಯೂಣು," ಎಂದರು ಹುಚ್ಚೀರಪ್ಪ ಕೊನೆಗೆ. "ಅಲ್ಲೀತನಕ ನಿನ್ನ ಸೈಕಲ್ ಈ ಕಡಿ ಬರಬಾರ್ದು. ಅವತ್ತ ಅಗಸಿ ಕಾಯೂದು ನಿಂದು, ತಂಗಿ. ಬೆಳಗಿಂದ ದೀಪ ಹಚ್ಚೂತನಕ. ಒಂದು ಗಾಲಿ ಒಳಗ ಬಂದ್ರೂ, ಅದು ಯಾರದರೆ ಇರಲಿ, ದಾರಿ ಬಂದ್."

"ಆತ್ರಿ ಕಾಕಾ."

"ಕಾಲ್ನಡಿಗಿಲೆ ಬಾ ಮತ್ತ," ಎಂದ ಹಾಲೇಶ.

ಸೈಕಲ್ಲನ್ನು ತಳ್ಳುವಂತಿರಲಿಲ್ಲ, ತಳ್ಳಿದರೂ ಗಾಲಿ ತಿರುಗುತ್ತದೆ. ಹೇಮಾವತಿ ಅದನ್ನು ಹೆಗಲಿಗೇರಿಸಿ ಮುಂದಿನ ಗಾಲಿಯನ್ನು ಕೈಯಲ್ಲಿ ಹಿಡಿದುಕೊಂಡರು. ಹಿಂದಿನ ಗಾಲಿ ಗಾಳಿಯಲ್ಲಿ ಸುತ್ತದಂತೆ ನೇತ್ರಾವತಿ ಎರಡೂ ಕೈಯಲ್ಲಿ ಹಿಡಿದು ಹಿಂದೆ ನಡೆದರು. ಮನೆಗಳ ಬಾಗಿಲಲ್ಲಿ ನಿಂತವರು ಅಗಸಿ ದಾಟುವವರೆಗೂ ನೋಡಿದರು. ಹೊರಗೆ ಕಾದಿದ್ದ ನಾಲ್ವರು ಸೈಕಲ್ ತಿರುಗಿಸಿದರು. ಇಟಗಿಯ ಪ್ರಯಾಣ ಅಂದಿಗೆ ನಿಂತಿತು.

ಆ ಸಂಜೆ ಹೇಮಾವತಿ ಶನಿವಾರ ಮತ್ತು ಭಾನುವಾರದ ತಂಡಗಳಿಗೆ ಫೋನ್ ಮಾಡಿ ಪ್ರವಾಸ ರದ್ದಾಗಿದೆ ಎಂದು ತಿಳಿಸಿದರು. ಬರುವ ಮಂಗಳವಾರ ನಸುಕಿನಲ್ಲಿ ಅವರು ಮೊದಲ ಬಸ್ಸಿಗೆ ಹೊರಟು, ಕರಿಕಲ್ಲಹಾಳದ ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಅಗಸಿಯವರೆಗೆ ನಡೆದು ಹೋಗುತ್ತಾರೆ.